ಕಂಡೂ ಊದದ ಸೀಟಿ

ಈ ಊರಿನಲ್ಲಿ ಸೀಟಿ ಊದುವ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ. ಹಾಗಾಗಿಯೇ ಅದು ನನ್ನ ಕೊರಳಿಗೆ ಬಿತ್ತು. ಹದಿನಾಲ್ಕು ವರ್ಷ, ಊರಿನ ಎರಡು ಕಾಲೇಜುಗಳಲ್ಲಿ ಮೇಲಿನ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣ ಗುಡಿಸಿದವಳು ನಾನು. ಈಗ ಒಂಬತ್ತು ವರ್ಷದಿಂದ ಅದೇ ಅಂಕಣದಲ್ಲಿ ರೆಫರಿ. ಹೆಸರು ಚಿಕ್ಕತಾಯಮ್ಮ ಎಂದಿದ್ದರೂ ಊರಿಗೆಲ್ಲ ಸೀಟಿ ಅಜ್ಜಿ. ಓಡುವ ವಯಸ್ಸಲ್ಲ. ನಡುಗೆರೆಯ ಮೇಲೆ ನಿಂತು ಕತ್ತು ಆ ಕಡೆ ಈ ಕಡೆ ಹೊರಳಿಸುತ್ತೇನೆ. ಪಂದ್ಯ ಮುಗಿದ ದಿನ ಕತ್ತಿಗೆ ಬಿಸಿ ಬಟ್ಟೆ ಸುತ್ತಿಕೊಂಡು ಮಲಗುತ್ತೇನೆ.

ನಮ್ಮೂರಿನಲ್ಲಿ ಆಟದಲ್ಲಿ ಬಿದ್ದು ರೆಫರಿ ಸೀಟಿ ಊದಿದ ಏಟು ಮೂರು ದಿನಕ್ಕೆ ಮಾಯುತ್ತದೆ. ಊದದ ಏಟು ಮಾಯುವುದಿಲ್ಲ. ಎಣ್ಣೆ ತಿಕ್ಕಿದರೂ ಅರಿಸಿನ ಹಚ್ಚಿದರೂ ಏಟು ಬಿದ್ದಲ್ಲಿ ಕಟ್ಟಿದ ಕಂದು ಹಾಗೇ ಉಳಿಯುತ್ತದೆ, ಅದರ ನೋವೂ ಹಾಗೇ. ಅಂಚೆ ಕಚೇರಿಯ ಶಾಂತವೀರಯ್ಯನವರು ಇಪ್ಪತ್ತೆರಡು ವರ್ಷದಿಂದ ಎಡಗೈಯಲ್ಲೇ ಠಸ್ಸೆ ಒತ್ತುತ್ತಾರೆ. ಬಲ ಮಣಿಕಟ್ಟಿನಲ್ಲಿ ಯಾವುದೋ ಸೆಮಿಫೈನಲಿನ ಹೊಡೆತ ಇನ್ನೂ ನೀಲಿಯಾಗಿದೆ. ಕ್ಷೌರದ ಅಂಗಡಿಯವನು ಗಿರಾಕಿಯ ದವಡೆ ಮುಟ್ಟುವ ಮೊದಲು ಯಾವ ವರ್ಷ ಆಡಿದ್ದು ಎಂದು ವಿಚಾರಿಸುತ್ತಾನೆ. ದರ್ಜಿಗಳು ಮದುವೆ ರವಿಕೆಯ ತೋಳನ್ನು ಕೇಳದೆಯೇ ಎರಡು ಬೆರಳು ಉದ್ದ ಹೊಲಿಯುತ್ತಾರೆ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರೆ, ಆ ಕಡೆ ಕಂದು ಇದೆ ಎಂದು ತಿಳಿದು ನಾವೂ ಸರಿಯುತ್ತೇವೆ.

ತಡವಾಗಿ ಊದಿದರೂ ಕಂದು ಹೋಗುತ್ತದೆ. ಆದರೆ ರೆಫರಿ ಅದನ್ನು ಆಗಲೇ ಕಣ್ಣಾರೆ ಕಂಡಿರಬೇಕು. ಕಾಣದ್ದಕ್ಕೆ ಎಷ್ಟು ಊದಿದರೂ ಉಸಿರು ದಂಡ. ಅದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಪಂದ್ಯ ಮುಗಿದ ಮೇಲಿನ ಶುಕ್ರವಾರ ಕಂದು ಉಳಿದವರು ರೆಫರಿಯ ಮನೆಗೆ ಬರುತ್ತಾರೆ. ಜಾಗ ತೋರಿಸುತ್ತಾರೆ. ರೆಫರಿ "ಕಾಣಲಿಲ್ಲ" ಎನ್ನುತ್ತಾರೆ. ಕೊಟ್ಟ ಕಾಫಿ ಕುಡಿದು ಅವರು ಹೋಗುತ್ತಾರೆ. "ಒಂದು ಸಲ ಊದಿ ನೋಡಿ" ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳಿದರೆ ಎದುರಿಗಿರುವವರನ್ನು ಕಳ್ಳ ಎಂದ ಹಾಗೆ. ಊದಿ, ಕಂದು ಹೋಗಿಬಿಟ್ಟರೆ, ರೆಫರಿ ಕಂಡೂ ಸುಮ್ಮನಿದ್ದರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಕಾಣದಿದ್ದುದನ್ನು ಊರು ಮನ್ನಿಸುತ್ತದೆ. ಕಂಡು ಬಿಟ್ಟವರು ಮತ್ತೆ ಸೀಟಿ ಮುಟ್ಟುವ ಹಾಗಿಲ್ಲ.

ನಾನು ಓದು ಕಲಿತದ್ದು ಐವತ್ತೊಂದನೇ ವಯಸ್ಸಿನಲ್ಲಿ, ಅದೇ ಕಾಲೇಜಿನ ರಾತ್ರಿ ಶಾಲೆಯಲ್ಲಿ. ಕಲಿಸಿದವರು ಆಟದ ಮೇಷ್ಟ್ರು ಅಂತಪ್ಪನವರು. ಅವರ ಬಳಿ ಇದ್ದ ಒಂದೇ ಕನ್ನಡ ಪುಸ್ತಕ ಬಾಸ್ಕೆಟ್‌ಬಾಲ್ ನಿಯಮಗಳದ್ದು. ಬೇರೆಯವರು ಅರಸ, ಆನೆ ಎಂದು ಅಕ್ಷರ ಕೂಡಿಸುವಾಗ ನಾನು ತಳ್ಳುವಿಕೆ, ಹಿಡಿಯುವಿಕೆ, ಅಡ್ಡಗಟ್ಟುವಿಕೆ ಎಂದು ಕೂಡಿಸಿದೆ. ಇದು ಮೈಗೆ ಮೈ ತಾಗಬಾರದ ಆಟ ಎಂದು ಮೊದಲ ಪುಟದಲ್ಲಿತ್ತು. ಹಗಲು ಅಂಕಣ ಗುಡಿಸುತ್ತ ಹುಡುಗಿಯರ ಆಟ ನೋಡುತ್ತಿದ್ದವಳಿಗೆ ಆ ಸಾಲು ಓದಿ ನಗು ಬಂದಿತ್ತು. ಮೇಷ್ಟ್ರು, "ನಗಬೇಡ ತಾಯಮ್ಮ, ಎರಡನೇ ಪುಟ ಓದು" ಎಂದರು. ಅವರು ತೀರಿಕೊಂಡ ವರ್ಷ ಊರಿನಲ್ಲಿ ನಿಯಮ ಪುಸ್ತಕವನ್ನು ಕೊನೆಯವರೆಗೆ ಓದಿದವರು ಯಾರು ಎಂದು ಪ್ರಿನ್ಸಿಪಾಲರು ಹುಡುಕಿಸಿದರು. ನಾನೊಬ್ಬಳೇ ಸಿಕ್ಕಿದೆ.

ಮೊದಲ ಪಂದ್ಯದಲ್ಲಿ ಕಂಡದ್ದನ್ನೆಲ್ಲ ಊದಿದೆ. ಎಪ್ಪತ್ತೊಂದು ಸಲ. ಐದೈದು ತಪ್ಪಾದವರು ಒಬ್ಬೊಬ್ಬರಾಗಿ ಹೊರಗೆ ಹೋಗಿ, ಕೊನೆಗೆ ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು ಉಳಿದರು. ಮಧ್ಯಾಹ್ನ ಮೂರಕ್ಕೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ಜನ ಎದ್ದು ಹೋದರು. ಕಡಲೆಕಾಯಿ ಮಾರುವ ಮರಿಗೌಡ ಬುಟ್ಟಿ ಹೊತ್ತುಕೊಂಡು ಬಂದು, "ಅಜ್ಜಿ, ಇದು ಆಟವೋ ರೈಲ್ವೆ ಗೇಟೋ?" ಎಂದ. ಆದರೆ ಆ ಪಂದ್ಯದ ಒಂದು ಕಂದೂ ಮೂರು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿ, "ತಾಯಮ್ಮನವ್ರೇ, ನೀವು ಮಾಡಿದ್ದು ತಪ್ಪು ಅಂತ ಅಲ್ಲ. ಸ್ವಲ್ಪ ಆಡೋಕೆ ಬಿಡಿ ಅಂತ" ಎಂದರು.

ಆಡಲು ಬಿಟ್ಟೆ. ಮುಂದಿನ ಪಂದ್ಯಕ್ಕೆ ಐವತ್ತು, ಅದರ ಮುಂದಿನದಕ್ಕೆ ನಲವತ್ತು. ಕೈ ಮೇಲೆ ಕೈ ತಾಗಿದರೆ ಬಿಟ್ಟೆ. ಆಮೇಲೆ ಸೊಂಟಕ್ಕೆ ಸೊಂಟ ತಾಗಿದರೂ ಬಿಟ್ಟೆ. ಎಲ್ಲಿಗೆ ನಿಲ್ಲಿಸಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ಒಂದನ್ನೂ ಬಿಡು ಎಂದಿರಲಿಲ್ಲವಲ್ಲ.

ನಾನು ಬಿಟ್ಟಷ್ಟೂ ಜಾಗವನ್ನು ತುಂಬಿಕೊಂಡವರು ಮೇಲಿನ ಕಾಲೇಜಿನ ತರಬೇತುದಾರ ನಂಜರಾಜಪ್ಪನವರು. ಕೆಟ್ಟ ಮನುಷ್ಯರಲ್ಲ. ಅವರ ಹುಡುಗಿಯರು ಎತ್ತರವಿಲ್ಲ, ದೂರದಿಂದ ಬುಟ್ಟಿಗೆ ಹಾಕಲು ಬರುವುದಿಲ್ಲ. ಆದ್ದರಿಂದ ಎದುರಿನವರು ಹಾಕದ ಹಾಗೆ ನೋಡಿಕೊಳ್ಳುವುದನ್ನು ಕಲಿಸಿದರು. ಚೆಂಡು ಹಿಡಿದವಳಿಗೆ ಪ್ರತಿ ಸಲವೂ ತಾಗಬೇಕು. ಪ್ರತಿ ಸಲ ಎಂದರೆ ಪ್ರತಿ ಸಲ. ಅವರು ಅಭ್ಯಾಸದಲ್ಲಿ ಹೇಳುವುದನ್ನು ನಾನೇ ಅಂಕಣದ ಹೊರಗೆ ನಿಂತು ಕೇಳಿದ್ದೇನೆ: "ನೂರು ಸಲ ತಾಗಿದ್ರೆ ನೂರು ಸಲ ಊದೋ ರೆಫರಿ ಹುಟ್ಟಿಲ್ಲ ಕಣ್ರಮ್ಮ. ಮೂವತ್ತು ಊದ್ತಾಳೆ ಅಜ್ಜಿ, ಎಪ್ಪತ್ತು ನಮ್ದು." ಮೊದಲ ಐದು ನಿಮಿಷ ಮೊಣಕೈ ಇಟ್ಟು ನೋಡುವುದು, ನಾನು ಊದದಿದ್ದರೆ ಅಂದಿನ ಪಂದ್ಯಕ್ಕೆ ಅದೇ ಕಾನೂನು. ಕೆಳಗಿನ ಕಾಲೇಜಿನವರು ಹಗುರ ಕಾಲಿನವರು, ಚೆಂಡನ್ನು ಚೆನ್ನಾಗಿ ದಾಟಿಸುವವರು. ಅವರು ಐದು ವರ್ಷದಿಂದ ಸೋಲುತ್ತಿದ್ದರು. ಶುಕ್ರವಾರಗಳಂದು ನನ್ನ ಮನೆಯಲ್ಲಿ ಕಾಫಿಪುಡಿ ಬೇಗ ಖಾಲಿಯಾಗುತ್ತಿತ್ತು.

ಈ ವರ್ಷದ ಫೈನಲ್ ಕೂಡ ಆ ಎರಡು ಕಾಲೇಜುಗಳಿಗೇ ಬಿತ್ತು. ನಲವತ್ತು ಸೆಕೆಂಡು ಉಳಿದಾಗ ಮೇಲಿನ ಕಾಲೇಜು ಒಂದು ಅಂಕ ಮುಂದಿತ್ತು. ಕೆಳಗಿನ ಕಾಲೇಜಿನ ಇಂದುಶ್ರೀ ಚೆಂಡು ಹಿಡಿದು ಎಡಗಡೆಯಿಂದ ನುಗ್ಗಿದಳು. ಕಡ್ಡಿಯಂಥ ಹುಡುಗಿ, ಇಸ್ತ್ರಿ ಗಾಡಿಯ ದೇವೀರಮ್ಮನ ಮಗಳು. ಅವಳಿಗೆ ಅಡ್ಡ ಬಂದವಳು ಮೇಲಿನ ಕಾಲೇಜಿನ ಗಿರಿಜಾಂಬ. ಬುಟ್ಟಿಗೆ ಎರಡು ಹೆಜ್ಜೆ ಇತ್ತು. ಇಂದುಶ್ರೀ ಜಿಗಿದಳು. ಗಿರಿಜಾಂಬಳ ಮೊಣಕೈ ಅವಳ ಪಕ್ಕೆಗೆ ಹೋಗಿ ನಿಂತಿತು. ಚೆಂಡು ಗೆರೆಯಾಚೆ ಉರುಳಿತು.

ನಾನು ಊದಲಿಲ್ಲ. ಆವರೆಗೆ ಮೂವತ್ತೊಂದು ಸಲ ಊದಿದ್ದೆ, ಬಾಯಿ ಒಣಗಿತ್ತು. ಕೊನೆಯ ನಿಮಿಷದಲ್ಲಿ ಅಜ್ಜಿ ಪಂದ್ಯ ತೀರ್ಮಾನಿಸಬಾರದು, ಹುಡುಗಿಯರೇ ತೀರ್ಮಾನಿಸಲಿ ಎಂದು ಊರೆಲ್ಲ ಹೇಳುತ್ತಿತ್ತು. ಊದಿದರೆ ಎರಡು ಫ್ರೀ ಥ್ರೋ, ಎರಡು ಫ್ರೀ ಥ್ರೋ ಎಂದರೆ ಗೆಲುವಿನ ಕಪ್ಪು ಕೆಳಗಿನ ಕಾಲೇಜಿಗೆ. ಹಾಗಾಗಿ ನಾನು ತೀರ್ಮಾನಿಸದೆ ಸುಮ್ಮನೆ ನಿಂತೆ. ಕಪ್ಪು ಮೇಲಿನ ಕಾಲೇಜಿಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಇಂದುಶ್ರೀ ತಾಯಿಯ ಜೊತೆ ಬಂದಳು. ಬಾಗಿಲಿನಲ್ಲಿ ನಿಂತು ಚಪ್ಪಲಿ ಬಿಡಲು ಬಗ್ಗುವಾಗ ಅರ್ಧಕ್ಕೇ ನಿಂತು, ಉಸಿರು ಎಳೆದುಕೊಂಡು, ಆಮೇಲೆ ಬಗ್ಗಿದಳು. ದೇವೀರಮ್ಮ ಸೆರಗು ಅಡ್ಡ ಹಿಡಿದು ಮಗಳ ಅಂಗಿ ನಾಲ್ಕು ಬೆರಳು ಎತ್ತಿ ತೋರಿಸಿದಳು. ಬಲ ಪಕ್ಕೆಯಲ್ಲಿ ಬದನೆಕಾಯಿ ಬಣ್ಣ, ಒಂದು ಅಂಗೈಯಷ್ಟು ಅಗಲ.

"ಸೋಮವಾರ ಜಿಲ್ಲಾ ತಂಡಕ್ಕೆ ಆಯ್ಕೆ ಇದೆ ಅಜ್ಜಿ" ಎಂದಳು ದೇವೀರಮ್ಮ. "ಆಯ್ಕೆಯಾದ್ರೆ ಹಾಸ್ಟೆಲ್ಲು, ಊಟ, ಫೀಸು ಎಲ್ಲ ಅವರೇ ನೋಡ್ಕೋತಾರೆ. ಆಗಿಲ್ಲ ಅಂದ್ರೆ ಕೊನೇ ವರ್ಷ ಓದ್ಸೋಕೆ ನನ್ ಕೈಲಿ ಆಗಲ್ಲ. ನನ್ ಜೊತೆ ಇಸ್ತ್ರಿ ಉಜ್ಜಬೇಕು."

"ಓಡೋದು ಎಷ್ಟು?" ಎಂದೆ.

"ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ" ಎಂದಳು ಇಂದುಶ್ರೀ. "ನಾನು ಮೂರಕ್ಕೇ ನಿಂತುಬಿಡ್ತೀನಿ. ಉಸಿರು ಒಳಗೆ ಹೋಗಲ್ಲ ಅಜ್ಜಿ. ಇಲ್ಲಿ ಬಂದು ಚುಚ್ಚುತ್ತೆ."

ನಾನು ಹೇಳಬೇಕಾದ ಮಾತಿಗಾಗಿ ಅವರು ಕಾದರು. ಒಂಬತ್ತು ವರ್ಷದಲ್ಲಿ ಆ ಮಾತು ನಾಲಿಗೆಯ ಮೇಲೆ ಎಷ್ಟು ಸಲ ಹೊರಳಿದೆಯೆಂದರೆ, ತಾನಾಗಿಯೇ ಬರುತ್ತದೆ. "ಕಾಣಲಿಲ್ಲ ಕಣಮ್ಮ" ಎಂದೆ. ದೇವೀರಮ್ಮ ತಲೆಯಾಡಿಸಿದಳು. ಇಬ್ಬರೂ ಕಾಫಿ ಕುಡಿದರು. ಲೋಟ ತೊಳೆದಿಟ್ಟು ಹೋದರು. ತೊಳೆಯಬೇಡಿ ಎಂದರೂ ಕೇಳಲಿಲ್ಲ.

ಶನಿವಾರ ನಾನು ಅವರೆಕಾಳು ಬಿಡಿಸುತ್ತ ಜಗಲಿಯಲ್ಲಿ ಕೂತಿದ್ದಾಗ ಗಿರಿಜಾಂಬ ಬಂದಳು. ಹೊಡೆದವರು ರೆಫರಿಯ ಮನೆಗೆ ಬರುವ ಪದ್ಧತಿ ಇಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಕೇಳದೆಯೇ ನಾಲ್ಕು ಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು.

"ಇಂದುಶ್ರೀ ನಿನ್ನೆ ಬಂದಿದ್ಲಂತೆ."

"ಬಂದಿದ್ಲು."

"ಕಾಣಲಿಲ್ಲ ಅಂದ್ರಂತೆ."

ನಾನು ಇನ್ನೊಂದು ಕಾಯಿ ಬಿಡಿಸಿದೆ. ಅವಳು ಕಾಳುಗಳನ್ನು ಮೊರಕ್ಕೆ ಹಾಕಿದಳು. "ಅಜ್ಜಿ, ನಮಗೆ ಸಾರ್ ಏನ್ ಹೇಳ್ಕೊಟ್ಟಿದಾರೆ ಗೊತ್ತಾ? ಹೊಡೆಯೋಕೆ ಮುಂಚೆ ಚೆಂಡು ನೋಡ್ಬೇಡಿ, ಅಜ್ಜಿ ಕಣ್ಣು ನೋಡಿ ಅಂತ. ನಾನು ನೋಡ್ದೆ. ನಿಮ್ ಕಣ್ಣು ನನ್ ಮೊಣಕೈ ಮೇಲೇ ಇತ್ತು. ಅದಕ್ಕೇ ನಾನು ಮೆತ್ತಗೆ ತಾಗಿಸೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ ಕೈ ಇಳೀತು. ಸೀಟಿ ಬಾಯಿಂದ ಇಳೀತು. ಆಮೇಲೆ ಗುದ್ದಿದೆ."

"ಯಾರಿಗೆ ಹೇಳಿದೀಯ ಇದನ್ನ?"

"ಯಾರಿಗೂ ಇಲ್ಲ. ಹೇಳಕ್ಕೂ ಬಂದಿಲ್ಲ. ಅವಳೂ ನಾನೂ ಪ್ರೈಮರೀಲಿ ಒಂದೇ ಬೆಂಚು ಅಜ್ಜಿ. ಕಪ್ಪು ಗೆದ್ದಿದ್ದು ಗೆದ್ದಾಯ್ತು, ಅದನ್ನೇನು ಯಾರೂ ವಾಪಸ್ ಇಸ್ಕೊಳಲ್ಲ. ಅವಳು ಸೋಮವಾರ ಓಡ್ಲಿ ಅಂತ ಅಷ್ಟೇ." ಎದ್ದು ಲಂಗ ಕೊಡವಿಕೊಂಡಳು. "ನಿಮಗೆ ಸೀಟಿ ಹೋಗುತ್ತೆ, ಗೊತ್ತು. ನಾನು ಚಿಕ್ಕವಳು, ನೀವ್ ಹೀಗ್ ಮಾಡಿ ಅಂತ ಹೇಳಕ್ಕಾಗಲ್ಲ."

ಅವಳು ಹೋದ ಮೇಲೆ ಅವರೆಕಾಳು ಪೂರ್ತಿ ಬಿಡಿಸಿದೆ. ಸೀಟಿ ಹೋದರೆ ನನಗೆ ಮತ್ತೆ ಕಸಬರಿಕೆ, ಅದಕ್ಕೂ ಈಗ ಸೊಂಟ ಬಗ್ಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಐವತ್ತು ದಾಟಿ ಕಲಿತ ಓದಿನಿಂದ ನನಗೆ ಬಂದದ್ದು ಅದೊಂದೇ. ಆದರೂ ಸಂಜೆಗೆ ದೇವೀರಮ್ಮನ ಇಸ್ತ್ರಿ ಗಾಡಿಯ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ಅಂಕಣಕ್ಕೆ ಬನ್ನಿ, ಊದಿ ನೋಡುತ್ತೇನೆ ಎಂದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಹಾಗೇ ನಿಂತಳು. "ನಾವು ಕೇಳಿಲ್ವಲ್ಲ ಅಜ್ಜಿ. ಜನ ನಾವೇ ಕೇಳಿದ್ವಿ ಅಂತಾರೆ" ಎಂದಳು.

ಭಾನುವಾರ ಹೋಗುವಷ್ಟರಲ್ಲಿ ಅಂಕಣದ ಸುತ್ತ ನೂರು ನೂರೈವತ್ತು ಜನ. ಊದಿ ನೋಡುವುದನ್ನು ಈ ಊರು ಬಹಳ ಕಾಲದಿಂದ ಕಂಡಿರಲಿಲ್ಲ. ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಶಾಂತವೀರಯ್ಯನವರು ಬಂದಿದ್ದರು. ಮರಿಗೌಡ ಬುಟ್ಟಿಯಿಲ್ಲದೆ ಬಂದಿದ್ದ. ನಂಜರಾಜಪ್ಪನವರು ನನ್ನನ್ನು ಕಂಬದ ಹತ್ತಿರ ಕರೆದುಕೊಂಡು ಹೋಗಿ, "ಯಾಕೆ ಬೇಕಿತ್ತು ಅಜ್ಜಿ ಇದು?" ಎಂದರು. "ಇವತ್ತು ಒಬ್ಬಳಿಗೆ ಊದಿದ್ರೆ ನಾಳೆ ಊರೇ ಬರುತ್ತೆ. ನಿಮ್ಮ ಮೇಲೆ ನನಗೆ ಗೌರವ ಇದೆ, ಅದಕ್ಕೆ ಹೇಳ್ತಿದೀನಿ."

"ನಿಮ್ಮ ಹುಡುಗೀರು ನನ್ ಕಣ್ಣು ನೋಡಿ ಹೊಡೀತಾರಂತೆ, ಹೌದಾ?"

"ಮತ್ತಿನ್ನೇನು ನೋಡ್ಬೇಕು?" ಎಂದರು. ತಮಾಷೆಗೆ ಹೇಳಲಿಲ್ಲ.

ಇಂದುಶ್ರೀಯನ್ನು ಅವಳು ಜಿಗಿದ ಜಾಗದಲ್ಲಿ ನಿಲ್ಲಿಸಿದೆ. ದೇವೀರಮ್ಮ ಪಕ್ಕದಲ್ಲಿ ಸೆರಗು ಹಿಡಿದು ನಿಂತಳು. ಗಿರಿಜಾಂಬ ಎರಡು ಹೆಜ್ಜೆ ಆಚೆ. ನಾನು ನಡುಗೆರೆಗೆ ಹೋಗಿ, ಸೀಟಿ ಬಾಯಿಗಿಟ್ಟು, ಊದಿದೆ. ಜೋರಾಗಿಯೇ ಊದಿದೆ; ಕಟ್ಟಡದ ಮೇಲಿನ ಪಾರಿವಾಳಗಳು ಎದ್ದವು.

ದೇವೀರಮ್ಮ ಸೆರಗಿನ ಒಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಹಾಗೇ ಇದೆ" ಎಂದಳು.

ಜನ ಉಸಿರು ಬಿಟ್ಟರು. ಅದು ನಿರಾಶೆಯ ಉಸಿರಲ್ಲ. ಪ್ರಿನ್ಸಿಪಾಲರು ಎದ್ದು ನಿಂತು, "ನೋಡಿದ್ರಾ, ಅಜ್ಜಿ ಕಂಡಿರಲಿಲ್ಲ. ಯಾರೂ ಅವರನ್ನ ಅನುಮಾನಿಸಬಾರದು ಇನ್ನು" ಎಂದರು. ಮರಿಗೌಡ ಎರಡು ಸಲ ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದರಿಂದ ನಿಲ್ಲಿಸಿದ. ನಂಜರಾಜಪ್ಪನವರ ಮುಖ ಸಡಿಲವಾಯಿತು. ಗಿರಿಜಾಂಬ ಮಾತ್ರ ನನ್ನ ಬಲಗೈಯನ್ನೇ ನೋಡುತ್ತಿದ್ದಳು. ಅದು ನನ್ನ ಸೀರೆಯ ಮಗ್ಗುಲಲ್ಲಿ ಇಳಿಬಿದ್ದಿತ್ತು.

ಇಂದುಶ್ರೀ ನನ್ನ ಹತ್ತಿರ ಬಂದಳು. "ಪರವಾಗಿಲ್ಲ ಅಜ್ಜಿ" ಎಂದಳು. "ನಿಮಗೆ ನಿಜವಾಗಿ ಕಂಡಿರ್ಲಿಲ್ಲ. ನಾನೇ ಮನಸ್ಸಲ್ಲಿ ನಿಮ್ಮನ್ನ ಬೈಕೊಂಡಿದ್ದೆ, ತಪ್ಪಾಯ್ತು." ನಮಸ್ಕರಿಸಲು ಬಗ್ಗಿದಳು. ಅರ್ಧಕ್ಕೆ ಬಂದು ನಿಂತಳು. ಪಕ್ಕೆ ಹಿಡಿದುಕೊಂಡು, ಉಸಿರನ್ನು ಚೂರು ಚೂರಾಗಿ ಒಳಗೆಳೆದುಕೊಂಡು, ಮತ್ತೆ ಬಗ್ಗಲು ನೋಡಿದಳು.

ನಾನು ಅವಳ ಭುಜ ಹಿಡಿದು ನಿಲ್ಲಿಸಿದೆ.

ಆ ನೂರೈವತ್ತು ಜನರಲ್ಲಿ ಗಿರಿಜಾಂಬಳನ್ನು ಬಿಟ್ಟರೆ ಯಾರೂ ಗಮನಿಸದ ಒಂದು ವಿಷಯ ನನಗೆ ತಿಳಿದಿತ್ತು. ಬರೀ ಸೀಟಿ ಊದಿದರೆ ಆಟ ನಿಲ್ಲುತ್ತದೆ, ಅಷ್ಟೆ. ತಪ್ಪಾಯಿತೆಂದು ತೀರ್ಪಾಗಬೇಕಾದರೆ ಊದುತ್ತಲೇ ಮುಷ್ಟಿ ಬಿಗಿದು ಕೈ ಮೇಲೆತ್ತಬೇಕು, ಹೊಡೆದವಳ ನಂಬರನ್ನು ಬೆರಳಲ್ಲಿ ತೋರಿಸಬೇಕು, ಯಾವ ತಪ್ಪೆಂದು ಹೇಳಬೇಕು. ಪುಸ್ತಕದಲ್ಲಿ ಅದಕ್ಕೆ ಚಿತ್ರಗಳ ಸಮೇತ ಒಂದು ಪುಟ ಇದೆ. ಆ ಪುಟ ಓದಲು ನನಗೆ ಮೂರು ವಾರ ಹಿಡಿದಿತ್ತು. ಮನೆಯಿಂದ ಬರುವಾಗಲೇ ಕೈ ಎತ್ತಬಾರದೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ಊದಿದ ಹಾಗೂ ಆಗಬೇಕು, ಸೀಟಿಯೂ ಉಳಿಯಬೇಕು. ಕಲಿತ ಓದನ್ನು ನಾನು ಉಪಯೋಗಿಸಿದ್ದು ಹೀಗೆ.

"ಹೋಗಮ್ಮ, ಆ ಜಾಗದಲ್ಲೇ ನಿಂತ್ಕೋ" ಎಂದೆ.

"ಯಾಕಜ್ಜಿ?"

"ನಿಂತ್ಕೋ ಅಂದೆ."

ಪ್ರಿನ್ಸಿಪಾಲರು ಮತ್ತೆ ಕೂತರು. ನಾನು ಊದಿದೆ. ಊದುತ್ತಲೇ ಬಲಗೈ ಎತ್ತಿದೆ. ಭುಜದ ಕೀಲು ಕಟಕಟ ಎಂದಿತು. ಸುಲಭವಾಗಿ ಏರಲಿಲ್ಲ, ಏರಿತು. ಇನ್ನೊಂದು ಕೈಯ ನಾಲ್ಕು ಬೆರಳು ತೋರಿಸಿ, "ಮೇಲಿನ ಕಾಲೇಜು, ನಂಬರ್ ನಾಲ್ಕು. ಮೊಣಕೈ ಪ್ರಯೋಗ. ನಲವತ್ತು ಸೆಕೆಂಡು ಇದ್ದಾಗ. ನಾನು ನೋಡಿದೆ" ಎಂದೆ. ಕೊನೆಯ ಎರಡು ಪದ ಪುಸ್ತಕದಲ್ಲಿಲ್ಲ.

ಗಿರಿಜಾಂಬ ತಪ್ಪು ಮಾಡಿದವರು ಎತ್ತಬೇಕಾದ ಹಾಗೆ ಕೈ ಎತ್ತಿದಳು.

ದೇವೀರಮ್ಮ ಈ ಸಲ ಬಗ್ಗಿ ನೋಡಬೇಕಾಗಿ ಬರಲಿಲ್ಲ. ಇಂದುಶ್ರೀಯ ಎದೆ ಉಬ್ಬಿತು. ಇನ್ನೂ ಉಬ್ಬಿತು. ಆ ಹುಡುಗಿ ಎಂಟು ದಿನದ ಉಸಿರನ್ನು ಒಂದೇ ಸಲಕ್ಕೆ ಒಳಗೆ ತೆಗೆದುಕೊಂಡಳು. ಆಮೇಲೆ ಕಂಬದ ಬುಡದಲ್ಲಿದ್ದ ಚೆಂಡನ್ನು ಎತ್ತಿಕೊಂಡು ಆ ತುದಿಗೆ ಓಡಿದಳು. ಅಲ್ಲಿಂದ ಈ ತುದಿಗೆ. "ಎರಡು" ಎಂದಳು ಗಿರಿಜಾಂಬ. ಮತ್ತೆ ಹೋಗಿ ಬಂದಾಗ "ನಾಲ್ಕು" ಎಂದಳು.

ಜನ ನನ್ನನ್ನು ನೋಡಲಿಲ್ಲ. ನೆಲ ನೋಡಿದರು. ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು ಅಂಗೈ ಚಾಚಿದರು. ಸಿಟ್ಟಿನಿಂದಲ್ಲ, ಅವರಿಗೂ ಸುಸ್ತಾದಂತೆ ಕಾಣುತ್ತಿತ್ತು. ನಾನು ಸೀಟಿಯ ದಾರವನ್ನು ಕತ್ತಿನಿಂದ ತೆಗೆಯುತ್ತಿದ್ದೆ. ಅಷ್ಟರಲ್ಲಿ ಜನರ ಮಧ್ಯದಿಂದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಅಂಕಣದೊಳಕ್ಕೆ ಬಂದಳು. ಸೀರೆಯನ್ನು ಮೇಲೆ ಸಿಕ್ಕಿಸಿ, ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟಿದ್ದಳು. ಎಡಗೆನ್ನೆಯ ಮೂಳೆಯ ಮೇಲೆ ನೀಲಿ.

"ಸಾರ್, ಒಂದ್ ನಿಮಿಷ" ಎಂದಳು ಪ್ರಿನ್ಸಿಪಾಲರಿಗೆ. ಆಮೇಲೆ ನನಗೆ, "ಎಂಟು ವರ್ಷ ಆಯ್ತು ಅಜ್ಜಿ. ಆ ಬುಟ್ಟಿ ಕೆಳಗೆ. ಮೂರನೇ ಕ್ವಾರ್ಟರು. ನಾನು ಶುಕ್ರವಾರ ಬಂದಿದ್ದೆ, ನೀವು ಕಾಫಿ ಕೊಟ್ರಿ."

ಅವಳ ಹಿಂದೆ ಶಾಂತವೀರಯ್ಯನವರು ಅಂಗಿಯ ತೋಳು ಮಡಿಸುತ್ತ ನಿಂತಿದ್ದರು. ಅವರ ಏಟು ನನ್ನ ಕಾಲದ್ದಲ್ಲ, ಹೇಳಿದೆ. "ಗೊತ್ತಮ್ಮ, ನೋಡೋಣ ಅಂತ ಬಂದೆ" ಎಂದು ಪಕ್ಕಕ್ಕೆ ಸರಿದರು, ಸಾಲು ಬಿಡಲಿಲ್ಲ. ಅವರ ಹಿಂದೆ ಇಬ್ಬರು, ಆಮೇಲೆ ಐವರು. ಕಾಲೇಜಿನ ಗೇಟಿನವರೆಗೆ ಎಷ್ಟು ಜನ ಎಂದು ನಾನು ಎಣಿಸಲು ಹೋಗಲಿಲ್ಲ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಕೂತುಬಿಡುತ್ತಿದ್ದೆ.

ಪ್ರಿನ್ಸಿಪಾಲರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ತಮ್ಮ ಕುರ್ಚಿಯನ್ನು ತಂದು ನಡುಗೆರೆಯ ಮೇಲೆ ಇಟ್ಟರು. "ಇವತ್ತು ಒಂದ್ ದಿನ ಇಟ್ಕೊಳಿ" ಎಂದರು.

ನಾನು ಕೂರಲಿಲ್ಲ. ಕೂತು ಕೊಟ್ಟ ತೀರ್ಪು ತೀರ್ಪಲ್ಲ. ಆ ಹೆಂಗಸಿನ ಗದ್ದ ಹಿಡಿದು ಕೆನ್ನೆಯನ್ನು ಬೆಳಕಿಗೆ ತಿರುಗಿಸಿದೆ. ಆಚೆ ತುದಿಯಲ್ಲಿ ಗಿರಿಜಾಂಬ "ಹದಿನಾಲ್ಕು" ಎನ್ನುತ್ತಿದ್ದಳು.

"ನೆನಪಿದೆಯಾ ಅಜ್ಜಿ?" ಎಂದಳು ಹೆಂಗಸು.

ನೆನಪಿತ್ತು. ಅವಳನ್ನು ತಳ್ಳಿದವಳ ನಂಬರೂ ನೆನಪಿತ್ತು. ಸೀಟಿ ಬಾಯಿಗಿಟ್ಟುಕೊಂಡು, ನೋಯುತ್ತಿದ್ದ ಭುಜವನ್ನು ಇನ್ನೊಮ್ಮೆ ಮೇಲಕ್ಕೆತ್ತಿದೆ.